ಸೊಸೆ ಹಚ್ಚಿದ ಪೇಸ್ಟು

ಕಂಪ್ಯೂಟರಿನ ಹೊಟ್ಟೆಯೊಳಗೂ ಪೇಸ್ಟು ಹಚ್ಚುತ್ತಾರೆ ಎಂದರೆ ನನ್ನ ವಾರಿಗೆಯ ಹೆಂಗಸರು ನಗುತ್ತಾರೆ. ಹಲ್ಲು ತಿಕ್ಕುವುದು ಬಿಟ್ಟರೆ ಬೇರೆ ಪೇಸ್ಟು ಅವರಿಗೆ ಗೊತ್ತಿಲ್ಲ. ನನಗೆ ಗೊತ್ತು. ಬಿಳಿಯದು ಯಾವ ಮಷೀನಿಗೆ, ಬೂದು ಬಣ್ಣದ್ದು ಯಾವುದಕ್ಕೆ, ಎಷ್ಟು ಇಡಬೇಕು, ಹಳೆಯದನ್ನು ಹೇಗೆ ತೆಗೆಯಬೇಕು, ಎಲ್ಲ ಗೊತ್ತು. ಮೂರನೆಯ ತರಗತಿಗೆ ಶಾಲೆ ಬಿಟ್ಟ ನನಗೆ ಅದನ್ನು ಕಲಿಸಿದವಳು ನನ್ನ ಸೊಸೆ. ಅವಳ ಆ ಕೆಲಸವನ್ನು ಕೆಡಿಸಿದವಳು ನಾನು. ಇದನ್ನು ಕೊನೆಗೆ ಹೇಳಿ ಕಥೆ ಮಾಡುವುದು ನನಗೆ ಬೇಕಿಲ್ಲ, ಅದಕ್ಕೇ ಮೊದಲೇ ಹೇಳಿದ್ದೇನೆ.

ಕೊಪ್ಪಳ ಜಿಲ್ಲೆಯಾದ ವರ್ಷ ನನ್ನ ಮಗ ಕುಷ್ಟಗಿಯ ಬಸ್ ನಿಲ್ದಾಣದ ಹತ್ತಿರ ಟೈಪಿಂಗ್ ಅಂಗಡಿ ಇಟ್ಟ. ಜಾತಿ ಪ್ರಮಾಣಪತ್ರದ ಅರ್ಜಿ, ನೌಕರಿ ಅರ್ಜಿ, ಜಮೀನಿನ ತಕರಾರು, ಎಲ್ಲವನ್ನೂ ಟಕಟಕ ಬಡಿದು ಕೊಡುತ್ತಿದ್ದ. ಆಮೇಲೆ ಒಂದು ಕಂಪ್ಯೂಟರ್ ತಂದ. ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ ಊರಿನ ಬೇರೆಯವರೂ ಕಂಪ್ಯೂಟರ್ ತಂದರು. ಅವು ಕೆಡುತ್ತಿದ್ದವು, ಕೆಟ್ಟದ್ದನ್ನು ನನ್ನ ಮಗನ ಮುಂದೆ ತಂದಿಡುತ್ತಿದ್ದರು. ಅವನಿಗೆ ಬಾಯಿ ಇತ್ತು, ಕೈ ಇರಲಿಲ್ಲ. ಗಿರಾಕಿಯನ್ನು ಮಾತಿನಲ್ಲಿ ಕಟ್ಟಿ ಹಾಕುತ್ತಿದ್ದ. ಸ್ಕ್ರೂ ಬಿಚ್ಚಲು ಕೂತರೆ ನಾಲ್ಕರಲ್ಲಿ ಎರಡು ಸಿಗುತ್ತಿರಲಿಲ್ಲ.

ಸೊಸೆಯನ್ನು ಯಲಬುರ್ಗಾ ಕಡೆಯಿಂದ ತಂದೆವು. ಪಿಯುಸಿ ಪಾಸಾಗಿದ್ದಳು. ದಿನಾ ಬಸ್ಸಿನಲ್ಲಿ ಕೊಪ್ಪಳಕ್ಕೆ ಹೋಗಿ ಬಂದು ಆರು ತಿಂಗಳ ಕಂಪ್ಯೂಟರ್ ಕೋರ್ಸನ್ನೂ ಮುಗಿಸಿದ್ದಳು. ಬೀಗರು ಇದನ್ನು ಹೇಳಿದಾಗ ನಾನು ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಿದೆ. ಬರುತ್ತದೆ ಎಂದರು. ಬರುತ್ತಿತ್ತು ಕೂಡ, ಆದರೆ ಅಂಚು ಸೀಳುತ್ತಿತ್ತು. ಒಂದು ವರ್ಷ ಅದನ್ನೇ ಎತ್ತಿ ಆಡಿದೆ.

ಒಂದು ಮಧ್ಯಾಹ್ನ ಮಗ ಯಾರದೋ ಮಷೀನನ್ನು ಮನೆಗೆ ತಂದು ಪಡಸಾಲೆಯಲ್ಲಿ ಬಿಚ್ಚಿ, ಎರಡು ತಾಸು ಬೈದು, ಹಾಗೇ ಬಿಟ್ಟು ಅಂಗಡಿಗೆ ಹೋದ. ಸೊಸೆ ಕಸ ಗುಡಿಸುತ್ತಿದ್ದವಳು ಕಸಬರಿಗೆ ಬದಿಗಿಟ್ಟು ಅದರ ಮುಂದೆ ಕೂತಳು. ಸಂಜೆ ಅವನು ಬಂದಾಗ ಮಷೀನು ಚಾಲೂ ಆಗಿತ್ತು. ಮರುದಿನ ಗಿರಾಕಿಗೆ ಅವನು ತಾನೇ ಮಾಡಿದೆನೆಂದು ಹೇಳಿ ಕೊಟ್ಟ. ಅಂದಿನಿಂದ ಅದೇ ರೂಢಿಯಾಯಿತು. ಕೆಟ್ಟ ಮಷೀನುಗಳು ಗಾಡಿಯ ಹಿಂದೆ ಕಟ್ಟಿಸಿಕೊಂಡು ಮನೆಗೆ ಬರುತ್ತಿದ್ದವು, ರಿಪೇರಿಯಾಗಿ ಅಂಗಡಿಗೆ ಹೋಗುತ್ತಿದ್ದವು. ಊರಿಗೆ ಅವನು ಮೆಕ್ಯಾನಿಕ್, ಮನೆಯಲ್ಲಿ ಅವಳು. ಇದು ತಪ್ಪು ಎಂದು ನನಗೂ ಅನಿಸಲಿಲ್ಲ. ಹೆಂಗಸು ಅಡಿಗೆ ಮಾಡುತ್ತಾಳೆ, ಬೀಗರ ಮುಂದೆ ಗಂಡಸು ಊಟಕ್ಕೆ ಏಳಿರಿ ಎನ್ನುತ್ತಾನೆ. ಅದೇ ಲೆಕ್ಕ ಅಂದುಕೊಂಡಿದ್ದೆ.

ಪೇಸ್ಟಿನ ವಿಷಯ ಬಂದದ್ದು ಬೇಸಿಗೆಯಲ್ಲಿ. ನಮ್ಮ ಕಡೆಯ ಬೇಸಿಗೆ ಗೊತ್ತಲ್ಲ, ಮಧ್ಯಾಹ್ನ ತಾಮ್ರದ ಕೊಡ ಮುಟ್ಟಿದರೆ ಕೈ ಚುರ್ರೆನ್ನುತ್ತದೆ. ಮಷೀನುಗಳು ಇದ್ದಕ್ಕಿದ್ದಂತೆ ಬಂದ್ ಆಗುತ್ತಿದ್ದವು. ಸೊಸೆ ಒಂದನ್ನು ಬಿಚ್ಚಿ ಒಳಗಿನ ಫ್ಯಾನು, ಅದರ ಕೆಳಗಿನ ಹಲ್ಲುಹಲ್ಲಿನ ಲೋಹದ ಗಟ್ಟಿ, ಎರಡನ್ನೂ ಎತ್ತಿ ತೋರಿಸಿದಳು. ನಾಲ್ಕು ಮೂಲೆಗೆ ನಾಲ್ಕು ಕರಿ ಮೊಳೆಯಂಥವು. ತಿರುವಿ ಎತ್ತಿದರೆ ಗಟ್ಟಿ ಮೇಲೆ ಬರುತ್ತದೆ. ಕೆಳಗೆ ಪೆಪ್ಪರಮಿಂಟಿನ ಡಬ್ಬಿಯ ಮುಚ್ಚಳದಂಥ ಚೌಕನೆಯ ತಗಡು. ಲೆಕ್ಕವನ್ನೆಲ್ಲ ಮಾಡುವುದು ಅದೇ, ಅದಕ್ಕೆ ಪ್ರೊಸೆಸರ್ ಅನ್ನುತ್ತಾರೆ ಎಂದಳು. ಲೆಕ್ಕ ಮಾಡಿ ಮಾಡಿ ಅದು ಕಾಯುತ್ತದೆ, ಆ ಕಾವನ್ನು ಮೇಲಿನ ಗಟ್ಟಿ ಎಳೆದುಕೊಳ್ಳಬೇಕು, ಫ್ಯಾನು ಅದನ್ನು ಹೊರಗೆ ಊದಬೇಕು. ಎರಡು ತಗಡಿನ ನಡುವೆ ಹಚ್ಚಿದ್ದ ಪೇಸ್ಟು ಒಣಗಿ ಹಿಟ್ಟಾಗಿದೆ, ಅದಕ್ಕೇ ಕಾವು ಮೇಲೆ ಹತ್ತುತ್ತಿಲ್ಲ.

ನಾನು ತಗಡಿನ ಮೇಲೆ ಬೆರಳಾಡಿಸಿ ನೋಡಿದೆ. ಕನ್ನಡಿಯ ಹಾಗೆ ನುಣ್ಣಗಿತ್ತು. ಎರಡೂ ಇಷ್ಟು ನುಣುಪಿದ್ದರೆ ನಡುವೆ ಪೇಸ್ಟು ಯಾಕೆ ಎಂದು ಕೇಳಿದೆ. ಕಣ್ಣಿಗೆ ನುಣುಪು, ಆದರೆ ಕಾಣದಂಥ ತಗ್ಗು ದಿನ್ನೆ ಇರುತ್ತವೆ, ಆ ತಗ್ಗಿನಲ್ಲಿ ಗಾಳಿ ಕೂರುತ್ತದೆ ಎಂದಳು. ಅಷ್ಟು ಹೇಳಿದ್ದೇ ನನಗೆ ತಿಳಿಯಿತು. ಹಂಚಿನ ಮೇಲೆ ರೊಟ್ಟಿ ಹಾಕಿದಾಗ ಕೆಳಗೆ ಎಲ್ಲಿ ಗಾಳಿ ಸಿಕ್ಕಿರುತ್ತದೋ ಅಲ್ಲಿ ಹಸಿ ಉಳಿಯುತ್ತದೆ. ಅರಿವೆಯಿಂದ ಒತ್ತಿದರೆ ಹಂಚಿಗೆ ಹತ್ತಿ ಬೇಯುತ್ತದೆ. ಹಾಗೆಯೇ ಅಲ್ಲವೇ ಎಂದೆ. ಅವಳು ನನ್ನ ಮುಖ ನೋಡಿ ನಕ್ಕಳು.

"ಅತ್ತಿ, ನಮ್ಮ ಕೋರ್ಸಿನ್ಯಾಗ ಸರ್ ಇಷ್ಟು ಚಂದ ಹೇಳಿರ್ಲಿಲ್ರಿ."

"ಹಂಗಾರ ಅವರಿಗೆ ಕೊಟ್ಟ ಫೀ ನನಗ ಕೊಡು" ಎಂದೆ.

ಆ ಮೇಲೆ ಅವಳು ಕೆಲಸಕ್ಕೆ ಕೂತಾಗೆಲ್ಲ ನಾನೂ ಬದಿಗೆ ಕೂರುತ್ತಿದ್ದೆ. ಜೋಳ ಹಸನು ಮಾಡುತ್ತ ನೋಡುತ್ತಿದ್ದೆ. ಸ್ಪಿರಿಟ್ಟಿನಲ್ಲಿ ಅದ್ದಿದ ಅರಳೆಯಿಂದ ಹಳೆಯದನ್ನು ಒರೆಸುವುದು, ನೀರು ಹತ್ತಿರ ತರದಿರುವುದು, ತಗಡು ಒಣಗುವ ತನಕ ಕಾಯುವುದು, ನಟ್ಟ ನಡುವೆ ಒಂದು ಜೋಳದ ಕಾಳಿನಷ್ಟು ಪೇಸ್ಟು ಇಡುವುದು, ಮೇಲಿನ ಗಟ್ಟಿಯನ್ನು ನೆಟ್ಟಗೆ ಇಳಿಸಿ ಒತ್ತುವುದು. ಅದು ತಾನೇ ಹರಡಿಕೊಳ್ಳುತ್ತದೆ. ನನಗೆ ಕಾಳಿನಷ್ಟು ಎಂದರೆ ಜಿಪುಣತನ ಅನಿಸುತ್ತಿತ್ತು. ಇನ್ನೊಂದಿಷ್ಟು ಹಾಕು, ಮಂದಿ ಮಷೀನು ಎಂದು ಕೈ ಹಿಡಿಯುತ್ತೀ ಏನು ಎನ್ನುತ್ತಿದ್ದೆ. ಹೆಚ್ಚಾದರೆ ಕೌದಿ ಹೊದಿಸಿದಂತೆ, ಕಾವು ಒಳಗೇ ಉಳಿಯುತ್ತದೆ ಎನ್ನುತ್ತಿದ್ದಳು.

ಮಗ ಮೊದಲು ತರುತ್ತಿದ್ದದ್ದು ಬಿಳಿ ಪೇಸ್ಟು. ಸಣ್ಣ ಡಬ್ಬಿ, ಮೈಕ್‌ಸೆಟ್ಟಿನವರೂ ಅದನ್ನೇ ಬಳಸುತ್ತಿದ್ದರು. ಸೊಸೆಗೆ ಅದರ ಮೇಲೆ ಅನುಮಾನವಿತ್ತು. ಬೇಸಿಗೆಯಲ್ಲಿ ಡಬ್ಬಿ ತೆರೆದರೆ ಎಣ್ಣೆ ಮೇಲೆ, ಸುಣ್ಣ ಕೆಳಗೆ. ಗಂಗಾವತಿಯಿಂದ ಬೂದು ಬಣ್ಣದ್ದನ್ನು ತರಿಸಿದಳು, ಸೂಜಿಯಿಲ್ಲದ ಇಂಜೆಕ್ಷನ್ ಸಿರಿಂಜಿನಲ್ಲಿ ಇರುತ್ತಿತ್ತು. ಬೆಳ್ಳಿಯಂತೆ ಹೊಳೆಯುವ ಇನ್ನೊಂದಿತ್ತು. ಅದು ಬದಿಗೆ ಹರಿದರೆ ಕರೆಂಟು ಹಾಯಬಹುದು ಎಂದು ಅದನ್ನು ಮುಟ್ಟಲಿಲ್ಲ. ಒಂದೇ ಮಷೀನಿಗೆ ಒಂದು ದಿನ ಬಿಳಿ, ಒಂದು ದಿನ ಬೂದು ಹಚ್ಚಿ, ಎರಡೂ ದಿನ ಒಂದೇ ಮದುವೆಯ ವಿಡಿಯೋವನ್ನು ಒಂದೊಂದು ತಾಸು ಓಡಿಸಿ, ಪರದೆಯ ಮೇಲೆ ಕಾವಿನ ಅಂಕಿ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಅರ್ಜಿ ಹೊಡೆಯುವ ಮಷೀನಿಗೆ ಬಿಳಿಯದು ಸಾಕು, ವರ್ಷಕ್ಕೊಮ್ಮೆ ತೆಗೆದು ಹಚ್ಚಬೇಕು. ವಿಡಿಯೋ ಕೆಲಸದ ಮಷೀನಿಗೂ, ಅದರೊಳಗೆ ಚಿತ್ರ ಮೂಡಿಸಲೆಂದೇ ಇರುವ ಗ್ರಾಫಿಕ್ಸ್ ಕಾರ್ಡಿಗೂ ಬೂದು ಬಣ್ಣದ್ದೇ ಬೇಕು. ಇದು ಅವಳು ತಾನೇ ಕಂಡುಕೊಂಡದ್ದು, ಯಾರೂ ಹೇಳಿಕೊಟ್ಟದ್ದಲ್ಲ.

ಆ ವರ್ಷ ಶ್ರಾವಣ ಕಳೆದ ಮೇಲೆ ಗಂಗಾವತಿಯ ಒಬ್ಬ ವಿಡಿಯೋದವನು ತನ್ನ ದೊಡ್ಡ ಮಷೀನನ್ನು ನನ್ನ ಮಗನಿಗೆ ಕೊಟ್ಟ. ಮದುವೆಯ ಕ್ಯಾಸೆಟ್ಟುಗಳನ್ನು ಕತ್ತರಿಸಿ, ಹಾಡು ಸೇರಿಸಿ, ಮದುಮಕ್ಕಳ ತಲೆಯ ಮೇಲೆ ಹೂ ಉದುರಿಸುವ ಮಷೀನು ಅದು. ಅರ್ಧ ತಾಸು ಓಡಿದರೆ ಸಾಕು, ಕಾದು ಬಂದ್ ಆಗುತ್ತಿತ್ತು. ಇದೊಂದು ಸರಿಯಾದರೆ ಉಳಿದ ಮೂರನ್ನೂ ಕೊಡುತ್ತೇನೆ, ಕಾರಟಗಿಯ ಗೆಳೆಯರಿಗೂ ಹೇಳುತ್ತೇನೆ ಎಂದಿದ್ದ. ಮಗ ಮನೆಗೆ ಬಂದವನೇ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ ಮಾತು ನನಗೆ ನೆನಪಿದೆ.

"ಇದೊಂದು ಮಾಡಿ ತೋರ್ಸು. ಅಂಗಡ್ಯಾಗ ನಿನಗೂ ಒಂದು ಟೇಬಲ್ ಹಾಕಸ್ತೀನಿ. ಮುಂದ. ಮಂದಿಗೆ ಕಾಣೂ ಹಂಗ."

ಅವಳು ಸಾರು ಬಡಿಸುತ್ತಿದ್ದಳು.  ಮರುದಿನ ನನ್ನ ಹತ್ತಿರ ಬಂದು, ಅಂಗಡಿಗೆ ಹೋಗುವುದಾದರೆ ದಿನಾ ಯಾವ ಸೀರೆ ಉಡಬೇಕು ಎಂದು ಕೇಳಿದಳು. ಇದ್ದದ್ದು ಆರು ಸೀರೆ. ಎರಡನ್ನು ಹೊರಗೆ ತೆಗೆದು ಇಸ್ತ್ರಿಗೆ ಕೊಟ್ಟಳು. ಟೇಬಲ್ಲು ಇನ್ನೂ ಗಿಡದಲ್ಲಿದೆ, ಈಗಲೇ ಸೀರೆಯೇ ಎಂದು ನಾನು ಛೇಡಿಸಿದೆ.

ಮಹಾನವಮಿಯ ಹಿಂದಿನ ದಿನ ಸಂಜೆ ಅವಳು ಆ ಮಷೀನನ್ನು ಮುಗಿಸಿದಳು. ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡು ಎರಡಕ್ಕೂ ಬೂದು ಪೇಸ್ಟು ಹಚ್ಚಿ, ಒಂದು ತಾಸು ಓಡಿಸಿ ನೋಡಿದಳು. ತೊಂಬತ್ತರ ಹತ್ತಿರ ಹೋಗುತ್ತಿದ್ದ ಅಂಕಿ ಅರವತ್ತರಲ್ಲಿ ನಿಂತಿತು. ಮರುದಿನ ಖಂಡೇಪೂಜೆ. ಕುಡುಗೋಲು, ಈಳಿಗೆ, ಒನಕೆಯಿಂದ ಹಿಡಿದು ಮಗನ ಗಾಡಿಯ ತನಕ ಎಲ್ಲವನ್ನೂ ತೊಳೆದು, ಒರೆಸಿ, ವಿಭೂತಿ ಕುಂಕುಮ ಹಚ್ಚಿ ಪೂಜೆ ಮಾಡುವ ದಿನ. ಮನೆಯಲ್ಲಿರುವ ಮಷೀನುಗಳನ್ನೂ ಜಗುಲಿಯ ಮುಂದೆ ಸಾಲಾಗಿ ಇಡುತ್ತಿದ್ದೆವು. ಪೂಜೆಗೆ ಮೊದಲು ಒಳಗಿನ ದೂಳನ್ನೂ ಒರೆಸಬೇಕೆಂದು ಅವಳೇ ಆ ದೊಡ್ಡ ಮಷೀನಿನ ಬದಿಯ ಬಾಗಿಲನ್ನು ತೆರೆದಿಟ್ಟಿದ್ದಳು.

ಬೆಳಗ್ಗೆ ಎದ್ದು ನೋಡಿದರೆ ಅವಳು ಹಿತ್ತಲಿನಲ್ಲಿ ಚಾಪೆ ಹಾಸಿಕೊಂಡು ಕೂತಿದ್ದಳು. ಹೊರಗಾಗಿದ್ದಳು. ನಮ್ಮ ಮನೆಯಲ್ಲಿ ಆಗ ಮೂರು ದಿನ ಹೊರಗೆ ಕೂರುವುದಿತ್ತು. ಅಡಿಗೆ ಮುಟ್ಟುವಂತಿಲ್ಲ, ದೇವರ ಹತ್ತಿರ ಬರುವಂತಿಲ್ಲ. ನಾನು ತಲೆಬಾಗಿಲು ಸಾರಿಸುತ್ತ ಲೆಕ್ಕ ಹಾಕಿದೆ. ಬೆಳಗ್ಗೆಯೇ ಹೊರಗೆ ಕೂತಿದ್ದಾಳೆ ಎಂದರೆ ನಿನ್ನೆ ಸಂಜೆಯೇ ಆಗಿರಬೇಕು. ಕೆಲಸ ಮುಗಿಸುವ ಆಸೆಗೆ ಬಾಯಿ ಮುಚ್ಚಿಕೊಂಡು ಕೂತಿದ್ದಾಳೆ. ಅದೇ ಕೈಯಿಂದ ಹಚ್ಚಿದ್ದನ್ನು ನಾನು ಈಗ ದೇವರ ಮುಂದೆ ಇಡಬೇಕು. ಒಮ್ಮೆ ಎದ್ದು ಹೋಗಿ ಕೇಳಬಹುದಿತ್ತು. ಹತ್ತು ಹೆಜ್ಜೆ. ಕೇಳಲಿಲ್ಲ. ನನ್ನ ಮನಸ್ಸಿನಲ್ಲಿ ಅದು ಖರೇ ಎಂದು ಆಗಲೇ ತೀರ್ಮಾನವಾಗಿತ್ತು.

ಮಗ ಹೂ ತರಲು ಹೋಗಿದ್ದ. ನಾನು ಆ ಮಷೀನಿನ ಮುಂದೆ ಕೂತೆ. ನಾಲ್ಕು ಕರಿ ಮೊಳೆ ತಿರುವಿದೆ, ಗಟ್ಟಿಯನ್ನು ಎತ್ತಿದೆ. ಅವಳು ಕಲಿಸಿದ ಹಾಗೆಯೇ ಅರಳೆಗೆ ಸ್ಪಿರಿಟ್ ಹಚ್ಚಿ ಎರಡೂ ಕಡೆ ಒರೆಸಿದೆ. ಚೆನ್ನಾಗಿ ಒರೆಸಿದೆ, ಒಂದು ಕಲೆ ಉಳಿಯಲಿಲ್ಲ. ಸಿರಿಂಜು ಅಲ್ಲೇ ಇತ್ತು, ಆದರೆ ಅದನ್ನೂ ಅವಳೇ ಹಿಡಿದಿದ್ದಳಲ್ಲ. ನಮ್ಮ ವಿಭೂತಿ ಗಟ್ಟಿಯೂ ಬೂದಿಯದೇ, ತಗ್ಗು ತುಂಬುವುದಷ್ಟೇ ತಾನೇ ಕೆಲಸ, ಅದಕ್ಕಿಂತ ಮಡಿ ಯಾವುದಿದೆ ಅಂದುಕೊಂಡೆ. ಬೆರಳು ತೇವ ಮಾಡಿ, ವಿಭೂತಿ ತಿಕ್ಕಿ, ಪ್ರೊಸೆಸರಿನ ಮೇಲೆ ಮೂರು ಬೆರಳಿನಲ್ಲಿ ಎಳೆದೆ. ಒಣಗುವ ತನಕ ಕಾದೆ. ಅದನ್ನೂ ಅವಳೇ ಕಲಿಸಿದ್ದು. ಆಮೇಲೆ ಗಟ್ಟಿ ಇಳಿಸಿ, ಒತ್ತಿ, ಮೊಳೆ ತಿರುವಿದೆ. ಗ್ರಾಫಿಕ್ಸ್ ಕಾರ್ಡಿನದು ಸಣ್ಣ ಸ್ಕ್ರೂ, ನನ್ನ ಕಣ್ಣಿಗೆ ಕಾಣಲಿಲ್ಲ, ಬಿಟ್ಟೆ. ಹೇಗೂ ಗಂಗಾವತಿಗೆ ಒಯ್ಯುವ ಮೊದಲು ಅವಳು ಇನ್ನೊಮ್ಮೆ ಓಡಿಸಿ ನೋಡುತ್ತಾಳೆ ಎಂಬ ಧೈರ್ಯವೂ ಇತ್ತು.

ಮಗ ಅವಳ ಮೂರು ದಿನ ಮುಗಿಯುವ ತನಕ ಕಾಯಲಿಲ್ಲ. ದಸರೆಯ ದಿನ ಬನ್ನಿ ಕೊಟ್ಟು ಬಂದವನು ಮರುದಿನ ಬೆಳಗ್ಗೆಯೇ ಮಷೀನಿನ ಬಾಗಿಲು ಮುಚ್ಚಿ, ಗೋಣಿಚೀಲ ಸುತ್ತಿ, ಗಂಗಾವತಿಯ ಬಸ್ಸಿಗೆ ಹೊರಟ. ಹಿತ್ತಲಿನಿಂದ ಅವಳು ಒಂದರ್ಧ ತಾಸು ಓಡಿಸಿ ನೋಡಿ ಒಯ್ಯಿರಿ ಎಂದಳು. ನೀನೇ ಮುಗೀತು ಅಂದೆಯಲ್ಲ, ಮತ್ತೇನು ನೋಡುವುದು ಎಂದ. ನಾನು ಇಬ್ಬರ ನಡುವೆ ಬಾಗಿಲಲ್ಲಿ ನಿಂತಿದ್ದೆ. ಇನ್ನೊಂದು ದಿನ ತಡಿ ಎಂದಿದ್ದರೆ ಸಾಕಿತ್ತು, ಕಾರಣವನ್ನೂ ಹೇಳಬೇಕಿರಲಿಲ್ಲ. ಹುಷಾರಿಂದ ಒಯ್ಯಪ್ಪಾ ಎಂದೆ.

ಒಯ್ದ ನಾಲ್ಕನೆಯ ದಿನ ಮಷೀನು ವಾಪಸು ಬಂತು. ವಿಡಿಯೋದವನು ಒಂದು ಮದುವೆಯ ಕೆಲಸವನ್ನು ಇಡೀ ದಿನ ಮಾಡಿದ್ದನಂತೆ, ನಡುನಡುವೆ ಮತ್ತೆ ಮತ್ತೆ ಬಂದ್ ಆಗಿ ಮಾಡಿದ್ದೆಲ್ಲ ಅಳಿಸಿ ಹೋಗಿತ್ತಂತೆ. ಮೊದಲಾದರೆ ಅರ್ಧ ತಾಸಾದರೂ ಓಡುತ್ತಿತ್ತು, ನಿಮ್ಮ ಕೈಗೆ ಬಂದ ಮೇಲೆ ಹತ್ತು ನಿಮಿಷ ಎಂದು ನಾಲ್ಕು ಮಂದಿಯ ಮುಂದೆ ಅಂದಿದ್ದ. ಮಗ ಅದನ್ನು ಪಡಸಾಲೆಯಲ್ಲಿ ಕುಕ್ಕಿದ. ತಾನೇ ಬಿಚ್ಚಿದ. ಗಟ್ಟಿ ಎತ್ತಿದ ಕೂಡಲೇ ಬಿಳಿ ಹಿಟ್ಟು ಹಕ್ಕಳೆ ಎದ್ದು ಉದುರಿತು.

"ಬೂದು ಪೇಸ್ಟ್ ಹಚ್ಚೀನಿ ಅಂದಿ. ಇದೇನಿದು? ಆ ಹಾಳು ಬಿಳೀದನ್ನ ಹಚ್ಚೀ?"

ಸೊಸೆ ಬಗ್ಗಿ ನೋಡಿದಳು. ಒಂದಿಷ್ಟನ್ನು ಬೆರಳಿನ ತುದಿಗೆ ತೆಗೆದುಕೊಂಡು ತಿಕ್ಕಿದಳು, ಮೂಗಿನ ಹತ್ತಿರ ಹಿಡಿದಳು. ನಮ್ಮ ವಿಭೂತಿಗೆ ಒಂದು ವಾಸನೆ ಇದೆ, ದಿನಾ ಹಚ್ಚಿಕೊಳ್ಳುವವರಿಗೆ ಗೊತ್ತಾಗುತ್ತದೆ. ತಲೆಯೆತ್ತಿ ನನ್ನ ಕಡೆ ನೋಡಿದಳು. ಬಹಳ ಹೊತ್ತು ಅಲ್ಲ. ನಾನು ಮೊರದಲ್ಲಿ ಜೋಳ ಕೇರುತ್ತಿದ್ದೆ. ಕೇರುತ್ತಲೇ ಇದ್ದೆ.

ಅವನು ಬೈದ. ಬೈದದ್ದನ್ನೆಲ್ಲ ಹೇಳುವುದಿಲ್ಲ. ನನ್ನ ಮರ್ಯಾದೆ ತೆಗೆದೆ, ನಿನ್ನನ್ನು ನಂಬಿದ್ದು ನನ್ನ ತಪ್ಪು ಎಂದ. ಅವಳು ಒಂದೇ ಒಂದು ಮಾತು ಹೇಳಿದಳು, ನಾನು ಹಚ್ಚಿದ್ದು ಇದಲ್ಲ ಎಂದು. ಹಾಗಾದರೆ ದೆವ್ವ ಬಂದು ಹಚ್ಚಿತೇ ಎಂದು ಅವನು ಕೇಳಿದ. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಟ್ಟೆ, ಆದರೆ ಬಂದ ಮಾತು ಬೇರೆ.

"ಹೋಗ್ಲಿ ಬಿಡಪಾ. ಹೆಣ್ಣಮಕ್ಕಳ ಕೈಯಾಗ ಇಂಥಾ ಕೆಲಸ ಯಾಕ ಕೊಡಬೇಕಿತ್ತು?"

ಸುಮ್ಮನಿದ್ದಿದ್ದರೆ ಒಂದು ತಪ್ಪು. ಈ ಮಾತು ಆಡಿ ಎರಡು ಮಾಡಿಕೊಂಡೆ. ಯಾಕೆ ಆಡಿದೆ ಎಂದರೆ ಹೆದರಿಕೆ. ಮಗ ನನ್ನ ಮೇಲೆ ಎಂದೂ ದನಿ ಎತ್ತಿದವನಲ್ಲ, ಅಂದು ಎತ್ತುತ್ತಾನೆ ಎಂದು ಹೆದರಿದೆ. ಅವನು ಬೈದರೆ ನಾನೇನು ಸಾಯುತ್ತಿರಲಿಲ್ಲ.

ಟೇಬಲ್ಲು ಬರಲಿಲ್ಲ. ಕೆಟ್ಟ ಮಷೀನುಗಳು ಮನೆಗೆ ಬರುವುದು ನಿಂತು, ಹುಬ್ಬಳ್ಳಿಗೆ ಹೋಗತೊಡಗಿದವು. ಮೊದಮೊದಲು ಸಣ್ಣಪುಟ್ಟದ್ದನ್ನು ಮಗನೇ ತಂದು ಅವಳ ಮುಂದೆ ಇಟ್ಟ. ನನಗೆ ಬರುವುದಿಲ್ಲ ಎಂದಳು. ಎರಡು ಸಲ ಹೇಳಿದಳು, ಮೂರನೆಯ ಸಲ ಅವನು ತರಲಿಲ್ಲ. ಹೊಲಿಗೆ ಕಲಿತಳು. ರವಿಕೆ ಹೊಲಿಯುತ್ತಾಳೆ, ಸೀರೆಗೆ ಫಾಲು ಹಚ್ಚುತ್ತಾಳೆ, ಗಿರಾಕಿಗಳಿದ್ದಾರೆ. ನನ್ನ ಜೊತೆ ಜಗಳ ಆಡಲಿಲ್ಲ, ಮಾತು ಬಿಡಲಿಲ್ಲ. ನನಗೆ ಜ್ವರ ಬಂದಾಗ ಗಂಜಿ ಮಾಡಿ ಕೊಟ್ಟಳು. ಆದರೆ ಏನನ್ನೂ ಕಲಿಸಲಿಲ್ಲ. ಹೊಲಿಗೆ ಮಷೀನಿಗೆ ದಾರ ಹೇಗೆ ಪೋಣಿಸುತ್ತೀ ಎಂದು ಕೇಳಿದರೆ, ನಿಮಗ್ಯಾಕ್ರಿ ಅದು ಎನ್ನುತ್ತಿದ್ದಳು.

ಅವಳಿಗೆ ಗೊತ್ತು ಎಂಬುದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂಬುದು ಅವಳಿಗೂ ಗೊತ್ತಿತ್ತು. ಹೀಗೆ ಹನ್ನೊಂದು ವರ್ಷ ಒಂದೇ ಒಲೆಯ ಮುಂದೆ ಕಳೆದೆವು. ಅಷ್ಟರಲ್ಲಿ ನಮ್ಮ ಮನೆಯಲ್ಲಿ ಹೊರಗೆ ಕೂರುವ ಪದ್ಧತಿಯೂ ಹೋಯಿತು. ಯಾರೂ ಹೋರಾಡಿ ಬಿಡಿಸಲಿಲ್ಲ. ನನ್ನ ಮೊಣಕಾಲು ಕೆಟ್ಟವು, ಮೂರು ದಿನ ಅಡಿಗೆ ಮಾಡುವವರು ಬೇಕಾಯಿತು, ನಾನೇ ಒಳಗೆ ಬಾ ಎಂದೆ. ಯಾವ ದೇವರೂ ಮುನಿಯಲಿಲ್ಲ. ಅದನ್ನು ನೋಡಿದ ಮೇಲೆ ನನಗೆ ಇನ್ನೂ ಸಂಕಟವಾಯಿತು. ನನ್ನ ಮೊಣಕಾಲಿಗೋಸ್ಕರ ಬಿಡಬಹುದಾದದ್ದನ್ನು ಅವಳ ಕೆಲಸಕ್ಕೋಸ್ಕರ ಒಂದು ದಿನ ಬಿಡಲಾಗಲಿಲ್ಲ.

ಒಂದು ಮಧ್ಯಾಹ್ನ ಇಬ್ಬರೂ ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದೆವು. ಆ ಗಂಗಾವತಿಯ ಮಷೀನಿಗೆ ವಿಭೂತಿ ಹಚ್ಚಿದವಳು ನಾನೇ ಎಂದು ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

"ಗೊತ್ತೈತ್ರೀ ಅತ್ತಿ."

ಹಾಗಾದರೆ ಅಂದು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರ ನೀವು ಅಲ್ಲ ಅಂತಿದ್ರಿ. ನಿಮ್ಮ ಮಗ ಯಾರ ಮಾತು ನಂಬತಿದ್ರು?"

ನಾನು ಇನ್ನೊಂದು ಹಣ್ಣು ತೆಗೆದು ಜಜ್ಜಿದೆ. ಅವಳೇ ಮುಂದುವರಿಸಿದಳು.

"ನನಗ ಆಗಿದ್ದು ಆ ದಿನ ನಸುಕಿನ್ಯಾಗ. ಪೇಸ್ಟ್ ಹಚ್ಚಿದ್ದು ಹಿಂದಿನ ದಿನ ಸಂಜೀಕ. ಕೇಳಿದ್ರ ಹೇಳತಿದ್ನಿ."

ಅಷ್ಟು ವರ್ಷ ನಾನು ತಪ್ಪು ಮಾಡಿದೆ, ಆದರೆ ಅವಳದೂ ಒಂದಿಷ್ಟು ಇತ್ತು ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೆ. ಅದೂ ಹೋಯಿತು. ಇಷ್ಟು ದಿನ ಮನಸ್ಸಿನಲ್ಲಿ ಇಟ್ಟುಕೊಂಡು ನನ್ನನ್ನು ಕ್ಷಮಿಸಿಬಿಟ್ಟೆಯಲ್ಲ ಎಂದು ಏನೋ ಅನ್ನಲು ಹೋದೆ. ಅವಳು ಅಲ್ಲಿಗೇ ತಡೆದಳು.

"ಹೋಗ್ಲಿ ಅಂತ ಬಿಟ್ಟಿದ್ದಲ್ರಿ. ಹೇಳಾಕ ಆಗ್ಲಿಲ್ಲ, ಅಷ್ಟ."

ಅಂದು ಸಂಜೆ ಮಗ ಅಂಗಡಿಯಿಂದ ಬಂದ ಮೇಲೆ ಅವಳ ಎದುರಿಗೇ ಎಲ್ಲ ಹೇಳಿದೆ. ಮಡಿಯಿಂದ ಹಿಡಿದು ಮೊರದ ತನಕ, ಹೆಣ್ಣುಮಕ್ಕಳ ಕೈ ಎಂದು ಆಡಿದ ಮಾತಿನ ತನಕ. ಅವನು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಈಗ ಯಾಕೆ ಹೇಳುತ್ತೀ ಯವ್ವಾ ಎಂದ. ಆಗ ಹೇಳಲಿಲ್ಲವಲ್ಲ, ಅದಕ್ಕೇ ಎಂದೆ. ಆಮೇಲೆ ಹೆಂಡತಿಯ ಕಡೆ ತಿರುಗಿ, ನಾಳೆಯಿಂದ ಅಂಗಡಿಗೆ ಬಾ, ಟೇಬಲ್ ಹಾಕಿಸುತ್ತೇನೆ ಎಂದ. ದನಿ ಸಣ್ಣದಾಗಿತ್ತು.

ಅವಳು ರವಿಕೆಗೆ ಕೊಕ್ಕೆ ಹಚ್ಚುತ್ತಿದ್ದಳು. ದಾರವನ್ನು ಹಲ್ಲಿನಿಂದ ಕತ್ತರಿಸಿದಳು.

"ಬಂದು ಏನ್ ಬಿಚ್ಚಲ್ರಿ? ನನಗ ಗೊತ್ತಿದ್ದ ಮಷೀನ ಈಗ ಯಾರ ಮನ್ಯಾಗ ಅದಾವ?"

ಖರೇ ಮಾತು. ಅಂಗಡಿಯಲ್ಲಿ ಈಗ ಝೆರಾಕ್ಸು, ಆನ್‌ಲೈನ್ ಅರ್ಜಿ, ಮೊಬೈಲಿನ ಕೆಲಸ. ಬರುವ ಲ್ಯಾಪ್‌ಟಾಪುಗಳು ಚಪ್ಪಟೆ, ಅವುಗಳ ಒಳಗು ಬೇರೆ. ಹನ್ನೊಂದು ವರ್ಷದಲ್ಲಿ ಅವಳು ದಿನಾ ಒಂದನ್ನು ಬಿಚ್ಚುತ್ತಿದ್ದರೆ ಅದನ್ನೂ ಕಲಿಯುತ್ತಿದ್ದಳು, ನಾಲ್ಕು ಮಂದಿಗೆ ಕಲಿಸುತ್ತಿದ್ದಳು. ಕಲಿತುಕೊಂಡರಾಯಿತು ಎಂದು ಮಗ ಹೇಳಿದ. ನೀವೇ ಕಲೀರಿ ಎಂದಳು, ಸಿಟ್ಟಿಲ್ಲದೆ. ಅವನು ನನ್ನ ಕಡೆ ನೋಡಿದ, ನಾನು ಏನಾದರೂ ಹೇಳಿ ಅವಳನ್ನು ಒಪ್ಪಿಸುತ್ತೇನೆ ಎಂಬಂತೆ. ಒಪ್ಪಿಸುವ ಮಾತು ನನ್ನ ಬಾಯಲ್ಲಿ ಬರಬಾರದು ಎಂಬಷ್ಟು ತಿಳಿವಳಿಕೆ ಆಗ ನನಗೆ ಬಂದಿತ್ತು.

ರವಿಕೆ ಹೊಲಿಯಲು ಕೊಟ್ಟಿದ್ದ ಹೆಂಗಸು ಬಾಗಿಲಲ್ಲಿ ಬಂದು ನಿಂತು, ಆಗೇತೇನವಾ ಎಂದು ಕೇಳಿದಳು. ಆಗಿದೆ ಎನ್ನುತ್ತ ಸೊಸೆ ಎದ್ದು ಹೋದಳು.